ಐದನೇ ಚೀಲದ ಕಪ್ಪೆಚಿಪ್ಪು

ಮಾರ್ಚ್ ೪, ಬೆಳಿಗ್ಗೆ
ಇವತ್ತೂ ಹಳ್ಳಕ್ಕಿಳಿದೆ. ಮೊಣಕಾಲು ಬೈಯಿತು. ಮಗಳ ಕಾಲೇಜಿನ ಪ್ರಾಜೆಕ್ಟು — ಬಲೆಯ ಚೀಲದಲ್ಲಿ ಇಪ್ಪತ್ತಿಪ್ಪತ್ತು ಕಪ್ಪೆಚಿಪ್ಪು ತುಂಬಿ, ಊರುದ್ದಕ್ಕೂ ಮೇಲಿನಿಂದ ಕೆಳಕ್ಕೆ ಏಳು ಕಡೆ ನೀರಲ್ಲಿ ಕಟ್ಟಿದ್ದಾಳೆ. ಫಿಲ್ಟರ್ ಫೀಡರ್ ಅಂತಲೋ ಫೀಡರ್ ಫಿಲ್ಟರ್ ಅಂತಲೋ... ಬಿ.ಎಸ್ಸಿ.ಯಲ್ಲಿ ಓದಿದ್ದು, ಮರೆತಿದೆ. ನೀರು ಸೋಸಿ ಬಿಡುತ್ತವೆ. ವಿಷ ಮೈಯಲ್ಲೇ ಉಳಿಯುತ್ತದೆ. ತಿಂಗಳಾದ ಮೇಲೆ ಲ್ಯಾಬಿನಲ್ಲಿ ಮಾಂಸದ ಪರೀಕ್ಷೆ. ಯಾವ ಚೀಲದಲ್ಲಿ ಜಾಸ್ತಿಯೋ, ಅದರ ಮೇಲ್ಗಡೆಯೇ ಹಳ್ಳಕ್ಕೆ ವಿಷ ಬಿಡುವ ಕಳ್ಳ. ಚೀಲಕ್ಕೆ ಕಸ ಕಟ್ಟದಂತೆ ನೋಡುವುದು ನನ್ನ ಡ್ಯೂಟಿ. ಸಂಬಳವಿಲ್ಲ, ಬೈಗುಳ ಉಂಟು.
ಬ್ಯಾಟರಿ ರಿಪೇರಿ ಅಂಗಡಿಯವನು ದಡಕ್ಕೇ ಟೀ ತಂದುಕೊಟ್ಟ. ಮುತ್ತು ಸಿಕ್ಕಿತೇ ಎಂದು ದಿನಾ ಕೇಳುತ್ತಾನೆ.

ಏಪ್ರಿಲ್ ೬
ರಿಸಲ್ಟು ಬಂತು. ನಾಲ್ಕನೇ ಚೀಲ ಕ್ಲೀನ್. ಐದರಲ್ಲಿ ಕ್ಯಾಡ್ಮಿಯಂ, ಹದಿನೆಂಟು ಪಟ್ಟು. ಮಧ್ಯೆ ಇನ್ನೂರು ಅಡಿ. ಮಗಳು ಎರಡು ಸಲ ನಡೆದು ನೋಡಿದಳು, ಒಂದು ಮೋರಿಯೂ ಇಲ್ಲ. ಇರುವುದು ಲೋಹಕ್ಕೆ ಲೇಪ ಹಾಕುತ್ತಿದ್ದ ಹಳೇ ಪ್ಲೇಟಿಂಗ್ ಕಾರ್ಖಾನೆಯ ಜಾಗದಲ್ಲೆದ್ದ ಗೋಡೌನು, ಪಕ್ಕದಲ್ಲಿ ಆ ಬ್ಯಾಟರಿ ಅಂಗಡಿ. ಕೆಲವು ಬ್ಯಾಟರಿಯಲ್ಲೂ ಕ್ಯಾಡ್ಮಿಯಂ ಇರುತ್ತದಂತೆ.
"ಅಪ್ಪಾ, ನೀನು ಆ ಕಾರ್ಖಾನೇಲಿ ಸೂಪರ್‌ವೈಸರ್ ಆಗಿದ್ಯಲ್ಲ. ಹಳ್ಳಕ್ಕೆ ಪೈಪು ಗೀಪು ಇತ್ತಾ?"
ಇಲ್ಲಮ್ಮ ಎಂದೆ. ಕೊಳೆನೀರೆಲ್ಲಾ ಟ್ಯಾಂಕರಿನಲ್ಲಿ ಹೋಗುತ್ತಿತ್ತು ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಏಪ್ರಿಲ್ ೭
ಇತ್ತು. ನಾನೇ ನಿಂತು ಹಾಕಿಸಿದ್ದು. ಆರಿಂಚಿನದು, ಬಾಯಿ ಹಳ್ಳದ ಕೆಸರಿನಡಿ. ಎಫಿಶಿಯೆನ್ಸಿ ಅಂದರೆ ಇದಪ್ಪಾ ಎಂದು ಮಾಲೀಕ ಬೆನ್ನು ತಟ್ಟಿದ್ದ. ಕಾರ್ಖಾನೆ ಮುಚ್ಚಿ ಹನ್ನೊಂದು ವರ್ಷ. ಕೊಳೆನೀರು ತುಂಬುತ್ತಿದ್ದ ನೆಲದಡಿಯ ಹೊಂಡ ಆ ಪೈಪಿನಲ್ಲಿ ಇನ್ನೂ ಜಿನುಗುತ್ತಿದೆ.
ಅದರ ಕೆಳಗಡೆ, ಹಳ್ಳದ ದಡದಲ್ಲೇ, ನಮ್ಮ ಮನೆ. ನನ್ನವಳು ಹಿತ್ತಲ ಸೊಪ್ಪಿಗೆ ಹಳ್ಳದ ನೀರನ್ನೇ ಹೊತ್ತು ಹಾಕುತ್ತಿದ್ದಳು. ಎರಡೂ ಕಿಡ್ನಿ ಹೋಗಿ ತೀರಿಕೊಂಡಾಗ ಡಾಕ್ಟರು ಕಾರಣ ತಿಳಿಯದು ಎಂದರು. ಕ್ಯಾಡ್ಮಿಯಂ ಮೊದಲು ಹಿಡಿಯುವುದು ಕಿಡ್ನಿಯನ್ನೇ — ನಿನ್ನೆ ಊಟ ಬಡಿಸುತ್ತಾ ಮಗಳು ಹೇಳಿದಳು, ಕ್ಲಾಸಿನಲ್ಲಿ ಪಾಠ ಹೇಳುವ ಹಾಗೆ.

ಏಪ್ರಿಲ್ ೨೯
ಬ್ಯಾಟರಿ ಅಂಗಡಿಗೆ ಬೀಗ. ಮಗಳ ರಿಪೋರ್ಟಿನಲ್ಲಿ ಅದನ್ನು ಪ್ರಾಬಬಲ್ ಸೋರ್ಸ್, ಅಂದರೆ ಬಹುಶಃ ವಿಷದ ಮೂಲ, ಎಂದಿತ್ತಂತೆ. ಮಾಲಿನ್ಯ ಮಂಡಳಿ ಆಫೀಸಿನವರು ಪ್ರಾಬಬಲ್ ಬಿಟ್ಟು ಸೋರ್ಸ್ ಮಾತ್ರ ಓದಿದರು. ಅಂಗಡಿಯವನು ಮನೆಗೆ ಬಂದ. ಕೂರು ಎಂದರೂ ಕೂರಲಿಲ್ಲ.
"ಒಂದು ತೊಟ್ಟು ಆಸಿಡ್ ಹಳ್ಳಕ್ಕೆ ಬಿಟ್ಟಿಲ್ಲ. ನೀವೇ ದಿನಾ ನೋಡಿದ್ದೀರಲ್ಲ ಯಜಮಾನ್ರೇ. ಮಗಳಿಗೆ ಒಂದ್ಮಾತು ಹೇಳಿ."
ನೋಡೋಣ ಎಂದೆ. ಥೂ.

ಮೇ ೨, ಮಧ್ಯಾಹ್ನ
ಹೇಳಿದೆ. ಪೈಪು, ಹೊಂಡ, ಎಲ್ಲ. ಎಲ್ಲಿ ಅಗೆಯಬೇಕೆಂದು ನಕ್ಷೆಯನ್ನೂ ಬರೆದುಕೊಟ್ಟೆ. ಮಗಳು ಕೂಗಾಡಲಿಲ್ಲ. ಆಫೀಸಿಗೆ ಫೋನು ಮಾಡಿ, ಅಂಗಡಿಯವನದು ತಪ್ಪಿಲ್ಲ, ಈಗಲೇ ಬರುತ್ತೇನೆ ಎಂದಳು. ನಕ್ಷೆ ಮಡಚಿ ಬ್ಯಾಗಿಗೆ ಹಾಕಿಕೊಂಡಳು. ಬಾಗಿಲ ಹತ್ತಿರ ನಿಂತು, ಮೆಲ್ಲಗೆ —
"ಅಮ್ಮ ಆ ನೀರು ಹೊತ್ತು ತರ್ತಿದ್ದಾಗ ನಿಂಗೆ ಗೊತ್ತೇ ಇತ್ತಲ್ಲಪ್ಪಾ?"
ಬರುವಷ್ಟರಲ್ಲಿ ಯೋಚಿಸಿಟ್ಟಿರು ಎಂದು ಹೋದಳು. ಬಾಯಲ್ಲಿ ಬರದು, ಬರೆದಿಡುತ್ತೇನೆ. ಗೊತ್ತಿತ್ತು. ನನ್ನವಳಿಗೆ ಹೇಳಿಬಿಡೋಣ ಅಂತ ಒಂದು ದಿನ ಹಿತ್ತಲಿಗೂ ಹೋದೆ. ಕೊಡ ಇಳಿಸಿ, ಏನ್ರೀ ಎಂದಳು. ಏನಿಲ್ಲ ಎಂದು ನಾನೇ ಕೊಡವನ್ನು ಸೊಂಟಕ್ಕೆ ಎತ್ತಿಕೊಟ್ಟೆ.