ಸೆರಗಿನ ಮರೆ

ಫೆ. 3, ಬಸವಕಲ್ಯಾಣ
ಮೂರನೆಯ ಮಾತ್ರೆಯೂ ನಾಟುತ್ತಿಲ್ಲ. ಸಂಜೆ ಮತ್ತೆ ಫಿಟ್ಸ್, ಅದೂ ಹೊರಗೆ ಕಟ್ಟೆಯ ಮೇಲೆ. ಮಗಳು ಸ್ನೇಹಲ್ ಬೀಳುವ ಮೊದಲೇ ತಬ್ಬಿಕೊಂಡು, ಪೂರಾ ಸೆರಗು ಹೊದಿಸಿ, ಕಣ್ಣು ಮುಚ್ಚಿ ಕೂತೆ. ಎಂದಿನಂತೆ. ಎದುರು ಮನೆಯ ಕೇಶರಬಾಯಿ ಮೊಮ್ಮಗಳನ್ನು ಒಳಗೆ ಎಳೆದುಕೊಂಡಳು. ಎಳೆದುಕೊಳ್ಳಲಿ! ಈ ಸಂಕ್ರಾಂತಿಗೆ ಅರಿಸಿನ-ಕುಂಕುಮಕ್ಕೂ ನನ್ನನ್ನು ಯಾರೂ ಕರೆದಿಲ್ಲ. ಇವರು ಹುಮನಾಬಾದಿನ ಫ್ಯಾಕ್ಟರಿಯಲ್ಲಿ, ಅಲ್ಲೇ ರೂಮು. ಯಾರ ಹತ್ತಿರ ಹೇಳಲಿ.

ಫೆ. 10, ಹುಮನಾಬಾದ್
ಇಇಜಿ. ಟೆಕ್ನಿಷಿಯನ್ ತಾಹೇರಾ ಸ್ನೇಹಲ್ ತಲೆ ತುಂಬ ವೈರು ಅಂಟಿಸಿದಳು. ಪರದೆಯ ಮೇಲೆ ಮಿದುಳಿನ ಅಲೆಗಳು, ಬರೀ ಗೆರೆ. ಎದುರಿಗೆ ಕ್ಯಾಮೆರಾ. ಗೆರೆ ಎಲ್ಲಿ ಕೆಡುತ್ತದೆ, ಮೈಯಲ್ಲಿ ಯಾವ ಕಡೆಯಿಂದ ಶುರುವಾಗುತ್ತದೆ—ಎರಡೂ ತಿಳಿದರೆ ಆಪರೇಷನ್ ಆಗುತ್ತದೋ ಇಲ್ಲವೋ ಹೇಳಬಹುದಂತೆ. ಡಾಕ್ಟರ ಮಾತು. ಇನ್ನು ಉಳಿದಿರುವ ದಾರಿ ಅದೊಂದೇ.

ನಿದ್ದೆಯಿಂದ ಏಳುವಾಗ ಬಂತು. ಬಂದ ಕ್ಷಣ ಗುರುತಾಗಲೆಂದು ಕೈಗೆ ಕೊಟ್ಟಿದ್ದ ಗುಂಡಿಯನ್ನು ನಾನು ಒತ್ತಬೇಕಿತ್ತು, ಅಷ್ಟೇ ಕೆಲಸ. ಒತ್ತಲಿಲ್ಲ. ಆಮೇಲೆ ವಿಡಿಯೋ ನೋಡಿದರೆ... ನನ್ನ ಬೆನ್ನು. ನನ್ನ ಹಸಿರು ಸೆರಗು. ಮಗಳೇ ಇಲ್ಲ.

"ಅಕ್ಕಾ, ವೈರೂ ಕಿತ್ತಾವ್ರಿ. ಯಾರಿಗಿ ಕಾಣಬಾರದಂತ ಮುಚ್ಚೀರಿ? ಇಲ್ಲಿ ನಾವಷ್ಟೇ ಇದ್ದೇವಲ್ರಿ," ಎಂದಳು ತಾಹೇರಾ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಂದಿನ ತಿಂಗಳು ಮತ್ತೆ ಬರಬೇಕು.

ಫೆ. 11
"ಮಮ್ಮಿ, ಫಿಟ್ಸ್ ಬಂದಾಗ ನಾ ಹ್ಯಾಂಗ ಕಾಣತೀನಿ?"
"ಸುಮ್ನ ಊಟ ಮಾಡು," ಎಂದು ಗದರಿಸಿದೆ. ಏನು ಹೇಳಲಿ? ಇಷ್ಟು ವರ್ಷ ಹಿಡಿದವಳು ನಾನೇ. ಒಮ್ಮೆಯೂ ನೋಡಿಲ್ಲ.

ಮಾರ್ಚ್ 10, ಹುಮನಾಬಾದ್
"ಸರಿತಾ, ಲೀವ್ ಕೊಡವಲ್ರು," ಎಂದರು ಇವರು ಫೋನಿನಲ್ಲಿ. ಫ್ಯಾಕ್ಟರಿಯಿಂದ ಇಲ್ಲಿಗೆ ಆಟೋದಲ್ಲಿ ಎಷ್ಟು ದೂರ? ಸಿಟ್ಟು ನುಂಗಿಕೊಂಡೆ. ಸೆರಗನ್ನು ಸೊಂಟಕ್ಕೆ ಬಿಗಿದೆ.

"ನೀವು ಗೋಡಿ ಕಡೆ ನಿಂದರ್ರಿ ಅಕ್ಕಾ. ಆಕಿನ್ನ ನಾ ನೋಡಕೋತೀನಿ."

ಬಂತು. ಗುಂಡಿ ಒತ್ತಿದೆ. ಕಣ್ಣು ಮುಚ್ಚಲಿಲ್ಲ. ಮೊದಲು ಎಡಗೈ ಹೆಬ್ಬೆರಳು. ಆಮೇಲೆ ತುಟಿಯ ಎಡತುದಿ. ಇಷ್ಟು ಸಣ್ಣದರಿಂದಲೇ ಶುರುವಾಗುತ್ತದೆಯೇ...

"ಸಿಕ್ತು ಅಕ್ಕಾ! ಒಂದ ಕಡಿಯಿಂದ ಬರಾಕತ್ತದ, ಗೆರಿನೂ ಸಾಫ್ ಅವ."

ಖುಷಿಪಡಬೇಕಿತ್ತು. ಆದರೆ ಸ್ನೇಹಲ್‌ಳ ಬಲಗೈ ಇನ್ನೂ ಅವಳದೇ ಆಗಿತ್ತು. ಹಾಸಿಗೆಯ ಮೇಲೆಲ್ಲ ತಡಕಾಡಿ ನನ್ನ ಸೆರಗು ಹುಡುಕುತ್ತಿತ್ತು. ನಾನು ಗೋಡೆಗೆ ಅಂಟಿಕೊಂಡು ನಿಂತೇ ಇದ್ದೆ. ಆ ಕೈ ನನ್ನ ಕಡೆಗೇ—