ಸಾರ್, ಯಾರ ಮಾತು ಕೇಳ್ಬೇಕು?

ಸೇರ್ತಿಂಗಳು ೩೧, ೨೧೭೪

ಪ್ರೀತಿಯ ಚೋಂದಮ್ಮ ಟೀಚರ್‌ಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಡಿಲೀಟ್ ಮಾಡಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಮಳೆ ತನ್ನ ಹಳೆಯ ಪದ್ಧತಿ ಬಿಟ್ಟ ಮೇಲೆ ಉಳಿದ ತಿಂಗಳುಗಳಿಂದ ಎರಡು ಮೂರು ದಿನ ಕಿತ್ತು ಮಳೆಗೆಂದೇ ಇನ್ನೊಂದು ತಿಂಗಳು ಕಟ್ಟಿದರು. ಅದೇ ಸೇರ್ತಿಂಗಳು. ನನ್ನ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಮನೆಯಲ್ಲಿ ನಾವು ಆಡುವುದು ಕೊಡವ ತಕ್ಕ್. ಕನ್ನಡವನ್ನು ನಾನು ಬಹುಪಾಲು ಕಲಿತದ್ದು ನಿಮ್ಮ ಗ್ರೂಪಿನಿಂದ.

ಹೌದು, ನಿಮ್ಮ ಗ್ರೂಪು ಉಳಿದಿದೆ. ಗೋಣಿಕೊಪ್ಪದ ನಿಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತವರಿಗಾಗಿ ನೀವು ಮಾಡಿದ ವಾಟ್ಸಾಪ್ ಗ್ರೂಪು, ಅದರ ಜಗಳ, ಗುಡ್ ಮಾರ್ನಿಂಗ್ ಹೂಗಳು, ನಿಮ್ಮ ವಾಯ್ಸ್ ಮೆಸೇಜುಗಳು, ಎಲ್ಲವೂ. ನಾನು ನಿಮ್ಮ ಪಕ್ಕಾ ಅಭಿಮಾನಿ. ಹೆಸರು ಪೊಮ್ಮಕ್ಕ, ಕಾಲೇಜಿನ ಎರಡನೇ ವರ್ಷ. ನಿಮ್ಮ ಎಲ್ಲ ಮೆಸೇಜುಗಳೂ ನನಗೆ ಬಾಯಿಪಾಠ. ಈಗ ಕೊನೆಯದಕ್ಕೆ ರಿಪ್ಲೈ ಒತ್ತಿ ಬರೆಯುತ್ತಿದ್ದೇನೆ. ಇದು ಅಲ್ಲಿಗೆ ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ನನಗೂ ಪೂರ್ತಿ ಅರ್ಥವಾಗಿಲ್ಲ.

ನಿಮ್ಮ ಕಾಲದಂತೆ ಈಗಲೂ ನಮ್ಮ ಮನೆಗಳಲ್ಲಿ ಕೋವಿ ಇದೆ. ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. ಉಳಿದೆಲ್ಲ ದಾಖಲೆ ಗಾಳಿಯಲ್ಲೇ ಓಡಾಡುವ ಈ ಕಾಲದಲ್ಲೂ ಅದೊಂದು ಮಾತ್ರ ಕಾಗದ. ಮಗು ಹುಟ್ಟಿದರೆ ಒಂದು ಗುಂಡು, ಸತ್ತರೆ ಎರಡು. ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ. ಬದಲಾದದ್ದು ಗಾಡಿಗಳು. ತಾನೇ ಓಡುವ ಇವನ್ನು ನಾವು ತಾನೋಡಿ ಎನ್ನುತ್ತೇವೆ. ನಡೆಸುವವರು ಯಾರೂ ಇಲ್ಲ. ಆದರೂ ಮುಂದಿನ ಸೀಟಿನ ಎದುರು ಒಂದು ಮರದ ಬಳೆ ಇರುತ್ತದೆ. ಅದರ ಹೆಸರು ಸ್ಟೇರಿಂಗ್. ಅದು ಯಾವುದನ್ನೂ ತಿರುಗಿಸುವುದಿಲ್ಲ. ಪೊಲೀಸರು ತಡೆದಾಗ ಕೈ ಇಟ್ಟು ತೋರಿಸುವುದಕ್ಕಷ್ಟೇ ಅದನ್ನು ಉಳಿಸಿಕೊಂಡಿದ್ದೇವೆ. ರಸ್ತೆ ಬದಿಯ ಕಂಬಗಳಿಗೆ ದಾರಿಕಣ್ಣು ಎಂದು ಹೆಸರು. ಯಾವ ಗಾಡಿಯಲ್ಲಿ ಕೋವಿ ಇದೆ ಎಂದು ಅವು ಮುಂದಿನ ಗೇಟಿಗೆ ಮೊದಲೇ ಹೇಳಿಬಿಡುತ್ತವೆ. ಯಾಕೆ ಇದೆ ಎಂದು ಮಾತ್ರ ಹೇಳುವುದಿಲ್ಲ. ಹಾಗಾಗಿ ನಾವು ಗೇಟು ತಲುಪುವ ಹೊತ್ತಿಗೆ ಅಲ್ಲಿದ್ದವರು ಆಗಲೇ ಹೆದರಿರುತ್ತಾರೆ.

ಹೋದ ತಿಂಗಳು ನಮ್ಮ ತಾತ ತೀರಿಕೊಂಡರು. ಮನೆಯ ಕೋವಿ ರಿಪೇರಿಗೆಂದು ಮೈಸೂರಿನಲ್ಲಿತ್ತು. ಊರಿಗೆ ಸುದ್ದಿ ಹೇಳುವ ಎರಡು ಗುಂಡನ್ನು ಪಕ್ಕದ ಮನೆಯವರು ಹಾರಿಸಿದ್ದರು. ಆದರೆ ತಾತನನ್ನು ಮನೆಯಿಂದ ಎತ್ತುವಾಗ ಸದ್ದು ತಾತನ ಕೋವಿಯದೇ ಆಗಬೇಕು ಎಂದು ನನ್ನ ಅಣ್ಣ ನಾಣಯ್ಯ ಹಟ ಹಿಡಿದ. ನಾವಿಬ್ಬರೂ ಬೆಳಿಗ್ಗೆಯೇ ಹೋಗಿ ಕೋವಿ ತೆಗೆದುಕೊಂಡು ಹೊರಟೆವು. ಖಾಲಿ ಕೋವಿ, ಚೀಲದೊಳಗೆ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲಿ. ವಿನಾಯಿತಿ ಪತ್ರವೂ ಚೀಲದಲ್ಲೇ ಇತ್ತು, ನಮ್ಮವರ ಹಳೆಯ ಅಭ್ಯಾಸ. ನಾನು ಬಿಡಲಿಲ್ಲ. ನಿಮ್ಮ ವಾಯ್ಸ್ ಮೆಸೇಜನ್ನು ಗಾಡಿಯಲ್ಲೇ ಹಾಕಿ ಕೇಳಿಸಿಬಿಟ್ಟೆ:

“ಕೋವಿಗೂ ಪೇಪರಿಗೂ ಮದುವೆ ಮಾಡಿ ಒಂದೇ ಚೀಲದಲ್ಲಿ ಮಲಗಿಸ್ಬೇಡಿ ಮಕ್ಕಳೇ. ಪೊಲೀಸ್ ಪೇಪರ್ ಕೇಳ್ತಾನೆ, ನೀವು ಕೋವಿ ಚೀಲಕ್ಕೆ ಕೈ ಹಾಕ್ತೀರಿ. ಅವನಿಗೆ ಕಾಣೋದು ಪೇಪರ್ ಅಲ್ಲ. ಪೇಪರ್ ಎದೆ ಜೇಬಲ್ಲಿರ್ಲಿ, ಕೈ ಸ್ಟೇರಿಂಗ್ ಮೇಲಿರ್ಲಿ, ಕೋವಿ ಇದೆ ಅಂತ ನೀವೇ ಮೊದ್ಲು ಹೇಳಿ.”

“ನಿನ್ನ ಟೀಚರ್ ಸಾವಿನ ಮನೆಗೂ ಬರ್ತಾರಾ ಮಾರಾಯ್ತಿ?” ಎಂದ ಅಣ್ಣ. ಆದರೂ ಪತ್ರವನ್ನು ತೆಗೆಸಿಕೊಂಡು ಎದೆ ಜೇಬಿನಲ್ಲಿಟ್ಟ.

ಜಿಲ್ಲೆಯ ಗಡಿಗೆ ಸ್ವಲ್ಪ ಮೊದಲು ಗೇಟಿನಲ್ಲಿ ನಿಲ್ಲಿಸಿದರು. ಇಬ್ಬರು ಪೊಲೀಸರು. ಎಡಗಡೆ ವಯಸ್ಸಾದವರು, ಬಲಗಡೆ ನನಗಿಂತ ಎರಡು ಮೂರು ವರ್ಷ ದೊಡ್ಡವನಿರಬಹುದಾದ ಒಬ್ಬ, ಆಗಲೇ ಪಿಸ್ತೂಲು ಕೈಯಲ್ಲಿ ಹಿಡಿದಿದ್ದ. ತಾನೋಡಿಯ ಗಾಜು ಒಂದೇ ಕಡೆ ಇಳಿಯುತ್ತದೆ. ಎಡಗಡೆಯದು ಇಳಿಯಿತು.

ಅಣ್ಣನ ಎರಡೂ ಕೈಗಳು ಸ್ಟೇರಿಂಗ್ ಬಳೆಯ ಮೇಲಿದ್ದವು. ನೀವು ಕಲಿಸಿದ ಹಾಗೆಯೇ ಹೇಳಿದ: “ನಮಸ್ಕಾರ ಸಾರ್. ಹಿಂದಿನ ಸೀಟಲ್ಲಿ ಕೋವಿ ಇದೆ, ಗುಂಡು ತುಂಬಿಲ್ಲ. ಪೇಪರ್ ನನ್ನ ಜೇಬಲ್ಲಿದೆ. ನೀವು ಹೇಳೋವರೆಗೆ ಕೈ ತೆಗೆಯಲ್ಲ.”

“ಏನಪ್ಪಾ, ಪಾಠ ಒಪ್ಪಿಸ್ತಿದ್ದೀಯಾ?” ಎಂದು ವಯಸ್ಸಾದವರು ನಕ್ಕರು. ಕೆಟ್ಟ ಮನುಷ್ಯರಲ್ಲ. “ಕೊಡು ಪೇಪರ್ರು.”

ಅಣ್ಣನ ಬೆರಳು ಸಡಿಲವಾಯಿತು ಅಷ್ಟೇ. ಬಲಗಡೆಯ ಗಾಜಿನ ಆಚೆಯಿಂದ ಆ ಹುಡುಗ ಕಿರುಚಿದ: “ಕೈ ತೆಗೀಬೇಡ! ಕೈ ಅಲ್ಲೇ ಇರ್ಲಿ!”

ಅಣ್ಣ ಮತ್ತೆ ಬಿಗಿಯಾಗಿ ಹಿಡಿದುಕೊಂಡ. ಎಡಕ್ಕೆ ತಿರುಗಿ ಕೇಳಿದ: “ಸಾರ್, ಯಾರ ಮಾತು ಕೇಳ್ಬೇಕು?”

“ಏಯ್, ಅವ್ನು ಹೊಸಬ. ಕೊಡು ಅಂದ್ರೆ ಕೊಡ್ಬೇಕಪ್ಪ. ಹಿಂದೆ ಎಷ್ಟು ಗಾಡಿ ನಿಂತವೆ ನೋಡು.”

ಅಣ್ಣ ದೊಡ್ಡವರ ಮಾತು ಕೇಳಿದ. ಚಿಕ್ಕವರಿದ್ದಾಗಿನಿಂದ ನಮಗೆ ಕಲಿಸಿದ್ದೇ ಅದು. ಬಲಗೈ ಎದೆಯ ಕಡೆ ಹೋಯಿತು.

ಸದ್ದು ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದಿತ್ತು.

ಅಣ್ಣ ಬದುಕಿದ್ದಾನೆ, ಟೀಚರ್. ಗುಂಡು ಭುಜದ ಮೂಳೆಯನ್ನು ಒಡೆದುಹಾಕಿದೆ. ಬಲಗೈ ಮೇಲೆ ಏಳುವುದಿಲ್ಲ, ಇನ್ನು ಏಳುವುದೂ ಇಲ್ಲವಂತೆ. ನಮ್ಮ ಕೋವಿಯನ್ನು ಪೊಲೀಸರು ಸಾಕ್ಷಿಗೆಂದು ಇಟ್ಟುಕೊಂಡರು. ತಾತನನ್ನು ಎತ್ತುವಾಗ ಪಕ್ಕದ ಮನೆಯವರ ಕೋವಿಯೇ ಮತ್ತೆ ಸದ್ದು ಮಾಡಿತಂತೆ. ನಾವಿಬ್ಬರೂ ಅಲ್ಲಿರಲಿಲ್ಲ.

ಆ ಹುಡುಗ ಆಸ್ಪತ್ರೆಗೆ ಬಂದಿದ್ದ, ಯೂನಿಫಾರ್ಮ್ ಇಲ್ಲದೆ. ಬಾಗಿಲಲ್ಲೇ ನಿಂತ. ನಾನು ಬೈಯಬೇಕೆಂದು ಎಷ್ಟೊಂದು ಮಾತು ಸಿದ್ಧ ಮಾಡಿಕೊಂಡಿದ್ದೆ. ಅವನು ಹೇಳಿದ್ದು ಇಷ್ಟು: “ಆ ಸಾರ್ ಪೇಪರ್ ಕೇಳಿದ್ದು ನಂಗೆ ಕೇಳಿಸ್ಲೇ ಇಲ್ಲ ಅಕ್ಕ. ಗಾಜು ಮುಚ್ಚಿತ್ತು.” ನನಗಿಂತ ದೊಡ್ಡವನು ನನ್ನನ್ನು ಅಕ್ಕ ಎಂದ. ಅಣ್ಣ ಅವನನ್ನು ನೋಡಲಿಲ್ಲ, ಹೊರಗೆ ಹೋಗು ಎಂದೂ ಹೇಳಲಿಲ್ಲ.

ಈಗ ನಮ್ಮ ಕಡೆಯ ಗ್ರೂಪುಗಳಲ್ಲಿ ಬೆಂಕಿ. ಕೋವಿಗಳನ್ನೆಲ್ಲ ಒಪ್ಪಿಸಿಬಿಡೋಣ ಎಂದು ಕೆಲವರು. ಹಕ್ಕು ಬಿಟ್ಟರೆ ನಮ್ಮಲ್ಲಿ ಉಳಿಯುವುದೇನು ಎಂದು ಕೆಲವರು. ನಾಣಯ್ಯ ನಿಧಾನವಾಗಿ ಕೈ ಎತ್ತಬೇಕಿತ್ತು ಎನ್ನುವ ಜಾಣರೂ ಇದ್ದಾರೆ. ನಾನೂ ಹಗಲೆಲ್ಲ ಟೈಪ್ ಮಾಡಿ ಜಗಳವಾಡಿದೆ. ಆಮೇಲೆ ಸಾಕಾಗಿ, ನೀವು ಏನಾದರೂ ಹೇಳಿರುತ್ತೀರಿ ಎಂದು ನಿಮ್ಮ ಮೆಸೇಜುಗಳನ್ನು ಮೊದಲಿನಿಂದ ಕೇಳಿದೆ. ಕೈ ಎಲ್ಲಿಡಬೇಕು, ದನಿ ಎಷ್ಟಿರಬೇಕು, ಹಿಂದೆ ಮಗು ಇದ್ದರೆ ಏನು ಮಾಡಬೇಕು, ಎಲ್ಲ ಇದೆ. ಇಬ್ಬರು ಪೊಲೀಸರು ಎರಡು ಮಾತು ಹೇಳಿದರೆ ಯಾವುದನ್ನು ಕೇಳಬೇಕು ಎಂಬುದು ಮಾತ್ರ ಎಲ್ಲೂ ಇಲ್ಲ.

ಅಣ್ಣನಿಗೆ ಹೇಳಿದೆ. “ಅದಕ್ಕೆ ಡ್ರೈವರ್ ಹತ್ರ ಉತ್ತರ ಇಲ್ಲ ಕಣೇ,” ಎಂದ. “ಪೊಲೀಸ್ನೋರಿಗೇ ಹೇಳ್ಬೇಕು. ಒಬ್ಬರೇ ಮಾತಾಡಿ ಅಂತ.”

ಇದು ನಮಗೆ ತಡವಾಯಿತು. ನಿಮಗೆ ಇನ್ನೂ ಸಮಯವಿದೆ, ಟೀಚರ್. ದಯವಿಟ್ಟು ಇನ್ನೊಂದು ಮೆಸೇಜು ಹಾಕಿ. ಕೋವಿ ಇರುವ ಗಾಡಿಯ ಹತ್ತಿರ ಹೋಗುವ ಮೊದಲು, ಯಾರು ಮಾತಾಡುವುದು, ಯಾರು ಸುಮ್ಮನಿರುವುದು ಎಂದು ತೀರ್ಮಾನಿಸಿಕೊಂಡು ಹೋಗಿ ಎಂದು ಹೇಳಿ. ನಿಮ್ಮ ಆ ಗದರುವ ದನಿಯಲ್ಲೇ ಹೇಳಿ, ಆಗಲೇ ಅದು ತಲೆಯಲ್ಲಿ ನಿಲ್ಲುವುದು. ನಿಮ್ಮ ಗ್ರೂಪಿನ ಸದಸ್ಯರ ಹೆಸರುಗಳನ್ನು ನಾನು ಒಂದೊಂದಾಗಿ ನೋಡಿದೆ. ಎಲ್ಲರೂ ಗಾಡಿ ಓಡಿಸುವವರೇ. ಒಬ್ಬ ಪೊಲೀಸನೂ ಇಲ್ಲ.

ಒಬ್ಬರನ್ನಾದರೂ ಸೇರಿಸಿ.

ಪೊಮ್ಮಕ್ಕ