ಸುಮ್ಮನೆ ಕೂರುವ ವೀಸಾ

ಫೆಬ್ರವರಿ 4, ಮಂಗಳವಾರ

ಇವತ್ತೂ ಪರದೆ ಬಟ್ಟೆ ಕತ್ತರಿಸುತ್ತ ಕತ್ತರಿಸುತ್ತ ಅಕ್ಕನ ಮನೆಗೆ ಹೋಗಿಬಂದೆ. ನೀಲಿ ಬಟ್ಟೆ, ಆಸ್ಪತ್ರೆಯ ಆರ್ಡರು. ಮೇಜಿನ ಉದ್ದಕ್ಕೂ ಹಾಸಿದರೆ ನೀರಿನ ಹಾಗೆ ಕಾಣುತ್ತದೆ... ಅಷ್ಟು ಸಾಕು, ಹೊರಟುಬಿಡುತ್ತೇನೆ. ಅಲ್ಲಿನ ಮೆಟ್ಟಿಲು, ಹಸಿರು ಬಾಗಿಲು, ಉದ್ದನೆಯ ಕೋಣೆ, ಅದರ ಕೊನೆಗೆ ಟ್ರಾಮ್ ಕಾಣುವ ಕಿಟಕಿ. ಒಂದು ದಿನವೂ ಕಾಲಿಟ್ಟ ಮನೆಯಲ್ಲ. ಎಲ್ಲ ಫೋನಿನಲ್ಲಿ ನೋಡಿದ್ದು. ಆದರೂ ಯಾವ ಮೆಟ್ಟಿಲು ಕಿರುಗುಟ್ಟುತ್ತದೆ ಅಂತ ಬೇಕಾದರೆ ಹೇಳಬಲ್ಲೆ!

"ಏನಮ್ಮಾ, ಕತ್ತರಿಗೆ ನಿದ್ದೆ ಬಂತಾ?" ಅಂದರು ಅಂಗಡಿ ಯಜಮಾನರು.

"ಬಟ್ಟೆ ನೋಡಿ ಮಾತಾಡಿ ಸರ್. ಒಂದೆಳೆ ಆಚೀಚೆ ಆಗಿದ್ರೆ ಹೇಳಿ."

ಆಗಿರಲಿಲ್ಲ. ಗೊಣಗುತ್ತ ಹೋದರು.

ಸಂಜೆ ಅಕ್ಕನ ಫೋನು. ಅವಳ ಕಣ್ಣಿಗೆ ಸುತ್ತಲಿಂದ ಕತ್ತಲೆ ಮುತ್ತಿಕೊಂಡು ಬರುತ್ತಿದೆ. ನಡುವೆ ಒಂದಿಷ್ಟು ದುಂಡಗಿನ ಜಾಗ ಉಳಿದಿದೆ, ಅದೂ ಕುಗ್ಗುತ್ತಿದೆ. ಇದಕ್ಕೆ ಔಷಧಿ ಇಲ್ಲ ಅಂದರಂತೆ ಡಾಕ್ಟರು. ಹೆಚ್ಚೆಂದರೆ ಇನ್ನೊಂದು ವರ್ಷ.

"ಫೋನಲ್ಲಿ ನೀನು ಅಂಚೆಚೀಟಿ ಥರ ಕಾಣ್ತೀಯ ಕಣೇ. ನಿಜವಾದ ಸೈಜಲ್ಲಿ ನೋಡ್ಬೇಕು ನಿನ್ನ. ಕಣ್ಣಿರೋವಾಗ್ಲೇ ಬಂದ್ಬಿಡು."

"ಬರ್ತೀನಿ" ಅಂದೆ.  

ಹೋಗಲೇಬೇಕು. ವಾರಕ್ಕಲ್ಲ, ತಿಂಗಳಿಗಲ್ಲ. ಆ ವರ್ಷ ಪೂರ್ತಿ.

ಫೆಬ್ರವರಿ 8

ವೀಸಾ ಮಾಡಿಸಿಕೊಡುವ ಏಜೆಂಟಮ್ಮನ ಆಫೀಸು, ಫೋಟೋ ಸ್ಟುಡಿಯೋದ ಮೇಲೆ. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮೇಜೆಲ್ಲ ತಡಕಾಡುತ್ತಿದ್ದಳು. ತೋರಿಸಿದೆ. ಅಲ್ಲಿಂದ ನನ್ನನ್ನು 'ಅಕ್ಕಾ' ಅನ್ನತೊಡಗಿದಳು.

ವಿಷಯ ಇಷ್ಟು. ಪ್ರವಾಸಿ ವೀಸಾ ಸುಲಭ. ಆದರೆ ಮೂರು ತಿಂಗಳಿಗೆ ಹೊರಗೆ ಬೀಳಬೇಕು, ಮತ್ತೆ ಮೂರು ತಿಂಗಳು ಕಾಯಬೇಕು. ದೀರ್ಘ ವಾಸದ ವೀಸಾ ಕಷ್ಟ, ಸಿಕ್ಕರೆ ವರ್ಷ. ಅದಕ್ಕೆ ಅಕ್ಕ-ಭಾವನ ಆಹ್ವಾನ, ವಿಮೆ, ವಾಪಸ್ ಬಂದೇ ಬರುತ್ತೇನೆ ಅನ್ನುವುದಕ್ಕೆ ಅಂಗಡಿ ಯಜಮಾನರ ರಜೆ ಪತ್ರ, ಕೊನೆಗೆ ಇಂಟರ್‌ವ್ಯೂ.

"ನಾನು ಹೋಗಿ ಬಂದು ಮಾಡ್ತಾ ಇದ್ರೆ ಅವಳ ಕಣ್ಣು ಕಾಯಲ್ಲ" ಅಂದೆ.

"ಹಾಗಾದ್ರೆ ದೊಡ್ಡದಕ್ಕೇ ಹಾಕೋಣ ಅಕ್ಕಾ. ಒಂದು ನೆನಪಿಟ್ಕೊಳಿ, ಈ ವೀಸಾದಲ್ಲಿ ಅಲ್ಲಿ ಕೆಲಸ ಮಾಡೋ ಹಾಗಿಲ್ಲ."

"ಅಲ್ಲಿ ಯಾರು ಕೊಡ್ತಾರೆ ನನಗೆ ಕೆಲಸ? ಇಲ್ಲಿರೋದೇ ಸಾಕಾಗಿದೆ."

ಇಬ್ಬರೂ ನಕ್ಕೆವು. ಕೆಳಗೆ ಸ್ಟುಡಿಯೋದಲ್ಲಿ ವೀಸಾ ಫೋಟೋ. ನಗಬೇಡಿ ಅಂದರು, ಕಿವಿ ಕಾಣಬೇಕು ಅಂದರು. ಫೋಟೋದಲ್ಲಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ.

ಫೆಬ್ರವರಿ 23

ಭಾವ ಪತ್ರಗಳನ್ನೆಲ್ಲ ಕಳಿಸಿದರು. ಫೋನಿನಲ್ಲಿ ಕೀಟಲೆ ಬೇರೆ. "ನಾದಿನಿ ಸಾಹೇಬ್ರೇ, ಅಕ್ಕ ತಂಗಿ ಇಬ್ರೂ ಒಂದೇ ಮನೇಲಿ ಅಂದ್ರೆ ನನಗೂ ಒಂದು ವೀಸಾ ಮಾಡ್ಸಿ. ಯಾವ ದೇಶವಾದ್ರೂ ಸರಿ."

ಬೆಳಗಿನ ಜಾವ ಕನಸು. ಗಡಿಯಲ್ಲಿ ನಿಂತಿದ್ದೇನೆ. ಪಾಸ್‌ಪೋರ್ಟ್ ಯಾರೂ ಕೇಳಲಿಲ್ಲ. ಅಧಿಕಾರಿ ಟೇಪು ತೆಗೆದು ನನ್ನ ಭುಜ ಅಳೆದರು, ತೋಳು ಅಳೆದರು. "ಸರಿಯಾಗಿದೆ, ಹಿಡಿಸ್ತೀರಿ" ಅಂದು ಒಳಗೆ ಬಿಟ್ಟರು. ಎದ್ದ ಮೇಲೂ ಸ್ವಲ್ಪ ಹೊತ್ತು ಹಾಯಾಗಿತ್ತು.

ಮಾರ್ಚ್ 11

ಇಂಟರ್‌ವ್ಯೂ ಆಯಿತು. ಗಾಜಿನ ಆಚೆ ಅಧಿಕಾರಿ, ಅವರ ಪಕ್ಕ ನಮ್ಮ ಭಾಷೆ ಬಲ್ಲ ಹೆಂಗಸು. ಊರು, ಕೆಲಸ, ಅಕ್ಕ, ಅಕ್ಕನ ಕಣ್ಣು... ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟೆ. ಕೊನೆಗೆ "ಒಂದು ವರ್ಷ ಅಲ್ಲಿ ಏನು ಮಾಡ್ತೀರಿ?" ಅಂತ ಕೇಳಿದರು.

"ಸುಮ್ನೆ ಕೂತು ತಿನ್ನೋಳಲ್ಲ ನಾನು" ಅಂದೆ. "ಮನೆ ಕೆಳಗೇ ಅಕ್ಕನ ಆಲ್ಟರೇಶನ್ ಅಂಗಡಿ ಇದೆ. ಅವಳಿಗೀಗ ಸೂಜಿಗೆ ದಾರ ಪೋಣಿಸೋಕೂ ಆಗಲ್ಲ. ಪೂರ್ತಿ ನಾನೇ ನೋಡ್ಕೋತೀನಿ. ಯಾರಿಗೂ ಭಾರ ಆಗಲ್ಲ."

ಆ ಹೆಂಗಸು ನನ್ನ ಮುಖವನ್ನೇ ನೋಡಿದಳು. "ಇದನ್ನ ಹೇಳ್ಲಾ?"

"ಹೇಳಿ ಹೇಳಿ. ಎಲ್ಲಾ ಹೇಳಿ."

ಹೇಳಿದಳು. ಅಧಿಕಾರಿ ತುಂಬ ಹೊತ್ತು ಬರೆದುಕೊಂಡರು. ಒಳ್ಳೆಯದೇ ಆಯಿತು. ಮನೆಗೆ ನಡೆದೇ ಬಂದೆ. ದಾರಿಯುದ್ದಕ್ಕೂ ಇದು ಇಲ್ಲಿನ ಬೀದಿ ಅನ್ನಿಸಲೇ ಇಲ್ಲ, ಮುಂದಿನ ತಿರುವಿನಲ್ಲಿ ಟ್ರಾಮ್ ಬರುತ್ತದೆ ಅನ್ನಿಸುತ್ತಿತ್ತು.

ಮಾರ್ಚ್ 29

ಇಲ್ಲ ಅಂದರು.

ಏಜೆಂಟಮ್ಮ ತಲೆ ಚಚ್ಚಿಕೊಂಡಳು. "ಅಕ್ಕಾ! ಹೋಗಿ ಹೋಗಿ ಅವರ ಮುಂದೆ ಅಂಗಡಿ ನೋಡ್ಕೋತೀನಿ ಅಂದ್ರಾ?"

"ಒಡಹುಟ್ಟಿದೋಳ ಮನೇಲಿ ಕೈಲಾದ್ದು ಮಾಡೋದು ಕೆಲಸಾನಾ?"

"ಅವರಿಗೆ ಅದೂ ಕೆಲಸಾನೇ."

"ಕೂತು ತಿನ್ನೋನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮಮ್ಮ..."

"ನಿಮ್ಮಮ್ಮ ವೀಸಾ ಆಫೀಸರ್ ಆಗಿರ್ಲಿಲ್ವಲ್ಲ ಅಕ್ಕಾ."

ನಗು ಬಂತು. ನಗುತ್ತ ನಗುತ್ತಲೇ ಅಳು ಬಂತು, ನಿಲ್ಲಿಸಲು ಆಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಜಂಬದಿಂದ ಆಡಿದ ಒಂದು ಮಾತಿಗೆ ಹೋಗಿದ್ದು ಅಕ್ಕನ ಬೆಳಕು. ಎಷ್ಟು ವಾರದ್ದೋ.

ಮತ್ತೆ ಅರ್ಜಿ ಹಾಕಬಹುದಂತೆ. ಅಂಗಡಿಗೆ ಬೇರೆ ಟೈಲರನ್ನು ಇಡುತ್ತೇನೆ, ಅದನ್ನು ಬರೆದು ಕಳಿಸುತ್ತೇನೆ ಅಂದರು ಭಾವ. ಇವತ್ತು ಕೀಟಲೆ ಮಾಡಲಿಲ್ಲ.

ಏಪ್ರಿಲ್ 6, ಭಾನುವಾರ

ಏಜೆಂಟಮ್ಮ ಹೋಮ್‌ವರ್ಕ್ ಕೊಟ್ಟಿದ್ದಾಳೆ. "ದಿನಾ ಸ್ವಲ್ಪ ಹೊತ್ತು ಏನೂ ಮಾಡದೆ ಕೂತು ಅಭ್ಯಾಸ ಮಾಡಿ. ಆಗ ನಿಮ್ಮ ಬಾಯಲ್ಲಿ ಅದು ಸುಳ್ಳಿನ ಥರ ಕೇಳ್ಸಲ್ಲ."

ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತೆ. ಮಂಚದ ಹೊದಿಕೆಯ ಅಂಚು ಬಿಚ್ಚಿತ್ತು. ನೋಡಬಾರದು ಅಂದುಕೊಂಡೆ. ಎಚ್ಚರಾದಾಗ ಅರ್ಧ ಅಂಚು ಹೊಲಿದು ಆಗಿತ್ತು! ಕರ್ಮ. ಮತ್ತೆ ಕೂತೆ, ಈ ಸಲ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು. ಎದುರು ಮನೆಯವರು ಕಾರು ತೊಳೆಯುತ್ತಿದ್ದರು. ನಾಯಿಯೊಂದು ಮಲಗಲು ಜಾಗ ಹುಡುಕಿ ಸುತ್ತಿ ಸುತ್ತಿ ಕೊನೆಗೆ ಎದ್ದ ಕಡೆಯೇ ಮಲಗಿತು. ಸೋಮಾರಿತನ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

ಆಮೇಲೆ ಯಾವಾಗಲೋ ಕಷ್ಟ ಅನ್ನಿಸಲಿಲ್ಲ. ಕಿಟಕಿ ಅವಳ ಮನೆಯದಾಯಿತು. ಎದುರಿನ ಕುರ್ಚಿಯಲ್ಲಿ ಅಕ್ಕ ಕೂತಿದ್ದಳು. ಇಬ್ಬರೂ ಕಾರಿನ ನೀರು ಬೀದಿಯಲ್ಲಿ ಹರಿದುಹೋಗುವುದನ್ನು ನೋಡುತ್ತಿದ್ದೆವು.

ಏಪ್ರಿಲ್ 19

ಅಕ್ಕನ ಫೋನು.

"ಈಗ ನಿಮ್ಮ ಭಾವನ ಮುಖ ಹತ್ತಿರದಿಂದ ಪೂರ್ತಿ ಹಿಡಿಸಲ್ಲ ಕಣೇ. ಮೂಗು ನೋಡಿದ್ರೆ ಕಿವಿ ಇರಲ್ಲ, ಕಿವಿ ನೋಡಿದ್ರೆ ಮೂಗಿರಲ್ಲ. ದೂರ ನಿಂತ್ರೆ ಮಾತ್ರ ಪೂರ್ತಿ ಬರ್ತಾರೆ."

ಹಿಂದಿನಿಂದ ಭಾವ: "ಅದಕ್ಕೇ ನನ್ನನ್ನ ಯಾವಾಗ್ಲೂ ಬಾಗಿಲ ಹತ್ರಾನೇ ನಿಲ್ಲಿಸಿರ್ತಾಳೆ."

ಮೂವರೂ ಬಿದ್ದು ಬಿದ್ದು ನಕ್ಕೆವು. ಫೋನಿಟ್ಟ ಮೇಲೆ ಹೆದರಿಕೆ ಶುರುವಾಯಿತು. 

ಮೇ 14

ಅದೇ ಗಾಜು, ಅದೇ ಅಧಿಕಾರಿ, ಪಕ್ಕದಲ್ಲಿ ಅದೇ ಹೆಂಗಸು. ನನ್ನ ಗುರುತು ಸಿಕ್ಕಿತು ಅವಳಿಗೆ. ಅದೇ ಪ್ರಶ್ನೆಯೂ ಬಂತು, ಅಲ್ಲಿ ಏನು ಮಾಡ್ತೀರಿ?

'ವಿಶ್ರಾಂತಿ ತಗೋತೀನಿ' ಅಂತ ಏಜೆಂಟಮ್ಮ ಬಾಯಿಪಾಠ ಮಾಡಿಸಿದ್ದಳು. ನಾಲಗೆಯ ತುದಿಯಲ್ಲೇ ಇತ್ತು. ಹೊರಡಲಿಲ್ಲ.

"ಅಕ್ಕ ನನ್ನ ನೋಡ್ತಾಳೆ" ಅಂದೆ. "ನಾನು ಎದುರಿಗೆ ಕೂತ್ಕೊಂಡಿರ್ತೀನಿ."

"ಅಷ್ಟೇನಾ?"

"ಅಷ್ಟೇ. ಅದೂ ಕೆಲಸ ಅಂತ ಆದ್ರೆ ಈಗ್ಲೇ ಹೇಳ್ಬಿಡಿ, ಪುನಃ ಪುನಃ ಬರೋಷ್ಟು ಟೈಮ್ ಅವಳ ಹತ್ರ ಇಲ್ಲ."

ಆ ಹೆಂಗಸು ಈ ಸಲ 'ಹೇಳ್ಲಾ' ಅಂತ ಕೇಳಲಿಲ್ಲ. ನಿಧಾನವಾಗಿ ಹೇಳಿದಳು. ನಾನಂದಿದ್ದಕ್ಕಿಂತ ಉದ್ದವಾಗಿತ್ತು ಅವಳ ಮಾತು, ಏನು ಸೇರಿಸಿದಳೋ ಗೊತ್ತಿಲ್ಲ. ಅಧಿಕಾರಿ ಒಂದೇ ಸಾಲು ಬರೆದುಕೊಂಡರು. ಹೊರಗೆ ಬಂದು ಫುಟ್‌ಪಾತಿನ ಮೇಲೆ ಕೂತುಬಿಟ್ಟೆ.

ಜೂನ್ 5

ಬಂತು. ವರ್ಷಕ್ಕಲ್ಲ, ಆರು ತಿಂಗಳಿಗೆ. ಅಲ್ಲಿ ವಿಸ್ತರಿಸುವಂತಿಲ್ಲ. ಏಜೆಂಟಮ್ಮ ಚಪ್ಪಾಳೆ ತಟ್ಟಿದಳು, ನನಗೆ ಮೊದಲು ಸಿಟ್ಟೇ ಬಂತು. ವೀಸಾ ಮೊದಲು ಮುಗಿಯುತ್ತದೋ ಅಕ್ಕನ ಕಣ್ಣು ಮೊದಲು ಮುಗಿಯುತ್ತದೋ, ದೇವರಿಗೇ ಗೊತ್ತು.

ಅಂಗಡಿ ಯಜಮಾನರು "ಬೇಗ ಬಾರಮ್ಮಾ" ಅಂದರು. ಅಷ್ಟರಲ್ಲೇ "ಬೇಡ, ನಿಧಾನವಾಗೇ ಬಾ" ಅಂದರು. ಆ ಮನುಷ್ಯನ ಬಾಯಲ್ಲಿ ಇಂಥ ಮಾತು ಬರುತ್ತದೆ ಅಂತ ಅಂದುಕೊಂಡಿರಲಿಲ್ಲ.

ಜೂನ್ 22

ಬಂದೆ. ಅಕ್ಕನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಒಂದು ಮೆಟ್ಟಿಲೂ ಕಿರುಗುಟ್ಟಲಿಲ್ಲ. ಬಾಗಿಲು ಹಸಿರಲ್ಲ, ಬೂದು. ಫೋನು ಇಷ್ಟು ದಿನ ಸುಳ್ಳು ಹೇಳಿತ್ತು. ಅಕ್ಕ ತಬ್ಬಿಕೊಂಡಳು, ಬಿಡಲಿಲ್ಲ, ಭುಜವೆಲ್ಲ ಒದ್ದೆ. ಆಮೇಲೆ ಇದ್ದಕ್ಕಿದ್ದ ಹಾಗೆ ನನ್ನನ್ನು ಆಚೆ ದಬ್ಬಿದಳು.

"ಹೋಗೇ. ಆ ಕಡೆ ಹೋಗಿ ನಿಂತ್ಕೋ."

ಇಷ್ಟು ಸಮುದ್ರ ದಾಟಿ ಬಂದವಳನ್ನು ಕೋಣೆಯ ಆ ಕೊನೆಗೆ ಕಳಿಸಿದಳು! ಹೋದೆ.

"ಇನ್ನೂ ಹಿಂದೆ. ಇನ್ನೂ ಸ್ವಲ್ಪ... ಹಾಂ. ಈಗ ಪೂರ್ತಿ ಬಂದೆ."

ನೋಡಿದಳು. ನೋಡುತ್ತಲೇ ಇದ್ದಳು. ಕೈ ಎಲ್ಲಿಟ್ಟುಕೊಳ್ಳಬೇಕೋ ಗೊತ್ತಾಗಲಿಲ್ಲ ನನಗೆ.

"ವಯಸ್ಸಾಗಿದೆಯಲ್ಲೇ ನಿಂಗೆ!"

"ನಿಂಗೇನು ಹದಿನಾರಾ?"

ಭಾವ ಅಡುಗೆಮನೆಯೊಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದರು.

ಸೆಪ್ಟೆಂಬರ್ 30

ಬರೆಯದೆ ಎಷ್ಟು ದಿನವಾಯಿತು! ಇಲ್ಲಿ ದಿನಗಳು ಒಂದರೊಳಗೊಂದು ಕರಗಿಹೋಗುತ್ತವೆ. ಕೆಳಗೆ ಹೊಸ ಟೈಲರಿನ ಮಷೀನು ಕೇಳಿಸುತ್ತದೆ, ಕೈ ತುರಿಸುತ್ತದೆ. ಆಣೆ ಮಾಡಿ ಹೇಳುತ್ತೇನೆ, ಒಂದು ಗುಂಡಿಯನ್ನೂ ಹೊಲಿದಿಲ್ಲ.

ಮಧ್ಯಾಹ್ನ ಉದ್ದನೆಯ ಕೋಣೆಗೆ ಬಿಸಿಲು ಬರುತ್ತದೆ. ಆಗ ನಾನು ಕೂರುತ್ತೇನೆ, ಅವಳು ನೋಡುತ್ತಾಳೆ. ಒಮ್ಮೊಮ್ಮೆ ಹಳೆಯದೇನೋ ಹೇಳಿ ನಗಿಸುತ್ತಾಳೆ. ನಕ್ಕಾಗ ಕೆನ್ನೆ ಹೇಗೆ ಏರುತ್ತದೆ ಅಂತ ನೋಡಿಟ್ಟುಕೊಳ್ಳಬೇಕಂತೆ. ವಾರ ವಾರಕ್ಕೂ ನನ್ನ ಕುರ್ಚಿ ಒಂದಿಷ್ಟು ಹಿಂದೆ ಸರಿದಿದೆ. ಮೊನ್ನೆಯಿಂದ ಅದರ ಬೆನ್ನು ಗೋಡೆಗೆ ತಾಗುತ್ತಿದೆ. ಇಬ್ಬರೂ ಆ ಮಾತು ಎತ್ತಿಲ್ಲ. ನನಗೆ ಎದೆ ಒಡೆದುಹೋಗುತ್ತಿದೆ, ಆದರೂ ಇಷ್ಟು ಸುಖವಾಗಿ ಯಾವತ್ತೂ ಇರಲಿಲ್ಲ.

ಈಗಲೂ ಬಿಸಿಲು ಬಂದಿದೆ. ಆ ಕೊನೆಯಿಂದ ಕೇಳಿದಳು, "ಏನ್ಮಾಡ್ತಿದೀಯೇ?"

"ಬರೀತಿದೀನಿ."

"ಅದೂ ಕೆಲಸಾನೇ. ನೀನಿಲ್ಲಿ ಕೆಲಸ ಮಾಡೋ ಹಾಗಿಲ್ಲ. ಪೆನ್ನಿಡು."

ಮುಗಿಸಿಬಿಡ್ತೀನಿ ಇರು ಅಂದೆ.

"ಮುಗಿಸ್ಬೇಡ ಕಣೇ. ತಲೆ ಎತ್ತು. ಆಗಿನಿಂದ ಬರೀ ನೆತ್ತಿ ನೋಡ್ತಿದೀನಿ" ಅನ್ನುತ್ತಿದ್ದಾಳೆ, ಬಿಸಿಲು ಇನ್ನೂ ಗೋಡೆಯ...